ಕಾಫಿ ತೋಟದ ಮಣ್ಣಿನಡಿಯ ಕೈಕೆಲಸ: ಕೊಡಗಿನ ಪ್ರಾಚೀನ ವಸ್ತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮವಾರಪೇಟೆ ಸೀಮೆಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಚಿತ್ರಕಲೆ ಕಲಿಸಿದವನು ನಾನು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯ, ಮುಳ್ಳೂರಿನ ಬಸದಿ, ದೊಡ್ಡಮಳ್ತೆ ಕಡೆಯ ಕಲ್ಲುಗೋರಿ ಎಂದು ಸುತ್ತುತ್ತಿದ್ದೆ. ಹಳೆಯ ವಸ್ತುವನ್ನು ನೋಡುವುದಕ್ಕೂ ಅದನ್ನು ಕೂತು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಬರೆಯಲು ಕೂತಾಗಲೇ ಮಾಡಿದವನ ಕೈ ಕಾಣುವುದು. ಮಕ್ಕಳು, ತೋಟದವರು, ಹೋಂಸ್ಟೇಗೆ ಬಂದವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕೊಡಗಿನಲ್ಲಿ ಅಂಥ ಹಳೆಯದು ಏನಿದೆ ಸಾರ್? ಅದೆಲ್ಲ ಹಂಪಿ ಕಡೆ ಅಲ್ವಾ?

ಹಂಪಿ ರಾಜಧಾನಿಯಾಗುವ ಸಾವಿರ ವರ್ಷಕ್ಕೂ ಮೊದಲೇ ಈ ಬೆಟ್ಟಗಳಲ್ಲಿ ಜನ ಕಬ್ಬಿಣ ಬಡಿಯುತ್ತಿದ್ದರು, ಚಕ್ರದ ಮೇಲೆ ಮಡಕೆ ತಿರುಗಿಸುತ್ತಿದ್ದರು, ಸತ್ತವರಿಗಾಗಿ ಕಲ್ಲುಚಪ್ಪಡಿಯ ಕೋಣೆ ಕಟ್ಟುತ್ತಿದ್ದರು. ಅವಕ್ಕೆ ಬೃಹತ್ ಶಿಲಾ ಸಮಾಧಿ ಎನ್ನುತ್ತಾರೆ. ಸೋಮವಾರಪೇಟೆಯಿಂದ ವಿರಾಜಪೇಟೆಯವರೆಗೆ ಜಿಲ್ಲೆಯ ಹಲವು ಕಡೆ ಇವು ಸಿಕ್ಕಿವೆ. 1860ರ ದಶಕದ ಕೊನೆಯಲ್ಲೇ ಬ್ರಿಟಿಷ್ ಅಧಿಕಾರಿಗಳು ವಿರಾಜಪೇಟೆ, ಫ್ರೇಜರ್‌ಪೇಟೆ (ಈಗಿನ ಕುಶಾಲನಗರ) ಸುತ್ತಮುತ್ತ ಕೆಲವನ್ನು ತೆರೆದು ನೋಡಿ ಬರೆದಿಟ್ಟರು. ಅದಾದ ಮೇಲಿನ ಕಾಲದ ಗಂಗರ ಶಾಸನಗಳಿವೆ, ಉತ್ತರ ಕೊಡಗನ್ನಾಳಿದ ಕೊಂಗಾಳ್ವರ ಬಸದಿಗಳಿವೆ, ವೀರಗಲ್ಲುಗಳಿವೆ. 1886ರಲ್ಲಿ ಬಿ. ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ ಮೊದಲ ಸಂಪುಟವಾಗಿ ಹೊರತಂದದ್ದು ಕೊಡಗಿನ ಶಾಸನಗಳನ್ನೇ. ಇದನ್ನು ಹೇಳಿದಾಗಲೆಲ್ಲ ಮಕ್ಕಳು ನೆಟ್ಟಗೆ ಕೂರುತ್ತಿದ್ದರು.

ಅವು ಪಾಂಡವರು ವನವಾಸದಲ್ಲಿ ಕಟ್ಟಿದ ಮನೆಗಳಂತೆ, ನಿಜವೇ?

ಕೊಡಗಿನಲ್ಲಿ ಪಾಂಡುಪಾರೆ ಎಂದೂ ಪಾಂಡವರ ಮನೆ ಎಂದೂ ಕರೆಯುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥವೇ ನೂರಾರು ಇವೆ. ಅಲ್ಲಿ ಅವು ಮೋರೇರ ಮನೆ. ಒಂದೇ ಬಗೆಯ ಕಟ್ಟಡಕ್ಕೆ ಊರಿಗೊಂದು ಹೆಸರು, ಊರಿಗೊಂದು ಕಥೆ. ಒಳಗೆ ಸಿಗುವುದು ಮೂಳೆ, ಬೂದಿ, ಮಡಕೆ, ಕಬ್ಬಿಣದ ಆಯುಧ, ಮಣಿ. ಹಾಗಾಗಿ ಇವು ಬದುಕಿದ್ದವರ ಮನೆಯಲ್ಲ, ತೀರಿಹೋದವರ ಮನೆ. ಹಾಗಂತ ಪಾಂಡವರ ಹೆಸರನ್ನು ನಾನು ಮಕ್ಕಳ ಬಾಯಿಂದ ಬಿಡಿಸಲು ಹೋಗಲಿಲ್ಲ. ಭೀಮನಂಥವನು ಎತ್ತಿರಬೇಕು ಎಂದು ನಮ್ಮ ಅಜ್ಜಂದಿರಿಗೆ ಅನಿಸಿತಲ್ಲ, ಆ ಕಲ್ಲಿನ ಮುಂದೆ ನಿಂತರೆ ಯಾರಿಗೂ ಹಾಗೇ ಅನಿಸುತ್ತದೆ.

ಬರೀ ನಾಲ್ಕು ಕಲ್ಲು ನಿಲ್ಲಿಸಿದ್ದಾರೆ. ಇದರಲ್ಲಿ ಕುಶಲತೆ ಎಲ್ಲಿಂದ ಬಂತು?

ಈ ಪ್ರಶ್ನೆ ಕೇಳಿದವರನ್ನು ನಾನು ಮೂಲೆಯ ಹತ್ತಿರ ಕೂರಿಸುತ್ತೇನೆ. ಎರಡು ಚಪ್ಪಡಿ ಸೇರುವ ಜಾಗ ನೋಡಿ. ಒಳ್ಳೆಯ ಸಮಾಧಿಗಳಲ್ಲಿ ಒಂದು ಚಪ್ಪಡಿಯ ತುದಿ ಪಕ್ಕದ್ದನ್ನು ದಾಟಿ ಮುಂದಕ್ಕೆ ಚಾಚಿರುತ್ತದೆ, ಆ ಪಕ್ಕದ್ದರ ತುದಿ ಅದರಾಚೆಯದನ್ನು ದಾಟಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಹಾಗೆ ಕಾಣುತ್ತದೆ. ಹೊರಗಿನಿಂದ ಮಣ್ಣು ಎಷ್ಟು ಒತ್ತಿದರೂ ನಾಲ್ಕೂ ಕಲ್ಲು ಒಂದನ್ನೊಂದು ಬಿಗಿಹಿಡಿಯುತ್ತವೆಯೇ ಹೊರತು ಒಳಗೆ ಬೀಳುವುದಿಲ್ಲ. ಗಾರೆಯಿಲ್ಲ, ಮೊಳೆಯಿಲ್ಲ. ಕೊಡಗಿನ ಮಳೆಗೆ ಹೋದ ವರ್ಷ ಕಟ್ಟಿದ ತಡೆಗೋಡೆ ಜಾರಿದ್ದನ್ನು ನೋಡಿದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ಇನ್ನು ಆ ಕಿಂಡಿ. ಎಷ್ಟೋ ಸಮಾಧಿಗಳಲ್ಲಿ ಒಂದು ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಅದನ್ನು ಕೊರೆದದ್ದು ಗಟ್ಟಿಕಲ್ಲಿನಲ್ಲಿ, ಎರಡು ಬದಿಯಿಂದಲೂ ಚುಕ್ಕಿ ಚುಕ್ಕಿಯಾಗಿ ಕುಟ್ಟಿ. ಮಧ್ಯದಲ್ಲಿ ಕಲ್ಲು ತೆಳುವಾಗಿ, ಅಂಚು ಒಳಕ್ಕೆ ಇಳಿಜಾರಾಗುತ್ತದೆ. ಕುಟ್ಟುವಾಗ ಒಂದು ಏಟು ಹೆಚ್ಚಾಗಿದ್ದರೆ ಇಡೀ ಚಪ್ಪಡಿ ಸೀಳಿಹೋಗುತ್ತಿತ್ತು. ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ತನ್ನ ಜಡೆಯ ರಿಬ್ಬನ್ ಬಿಚ್ಚಿ ಕಿಂಡಿಯ ಅಡ್ಡಕ್ಕೂ ಉದ್ದಕ್ಕೂ ಹಿಡಿದು ಅಳೆದಳು. ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ. "ಕೈವಾರ ಇತ್ತಾ ಸಾರ್ ಅವರ ಹತ್ರ?" ಎಂದಳು. ಒಂದು ಗೂಟ, ಒಂದು ಹಗ್ಗ ಇದ್ದರೆ ಅದೇ ಕೈವಾರ ಎಂದೆ.

ವೀಲರ್ ಸಾಹೇಬ ಅಗೆಸಿದ ಬ್ರಹ್ಮಗಿರಿ ನಮ್ಮ ತಲಕಾವೇರಿಯದ್ದೇ?

ಅಲ್ಲ. ಅದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನವಿರುವ ಜಾಗ. ಆಗ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಇಂಥ ಸಮಾಧಿಗಳನ್ನೂ ಅಗೆಸಿ ಉತ್ಖನನ ಮಾಡಿಸಿದರು. ಹೆಸರು ಒಂದೇ, ಬೆಟ್ಟ ಬೇರೆ.

ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಚೂರುಗಳು ಸಿಗುತ್ತವೆ. ಬಣ್ಣ ಬಳಿದಿದ್ದಾರಾ?

ಬಣ್ಣ ಬಳಿದದ್ದಲ್ಲ, ಬೆಂಕಿಯಿಂದ ಬರಿಸಿದ್ದು. ನನ್ನ ಮಟ್ಟಿಗೆ ಈ ನಾಡಿನ ಮಣ್ಣಿನಡಿಯಿಂದ ಬಂದವುಗಳಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಕೆಂಪಾಗುತ್ತದೆ, ನಮ್ಮ ಹೆಂಚು ಕೆಂಪಾದ ಹಾಗೆ. ಗಾಳಿ ಸಿಗದಿದ್ದರೆ ಮಣ್ಣು ಕಪ್ಪಾಗುತ್ತದೆ, ಹೊಗೆಯ ಮಸಿಯೂ ಒಳಗೆ ಇಳಿಯುತ್ತದೆ. ಆ ಕುಂಬಾರರು ಮಡಕೆಯನ್ನು ಬೋರಲು ಹಾಕಿ, ಒಳಗೆ ಹುಲ್ಲು, ಸೊಪ್ಪು, ಹೊಟ್ಟಿನಂಥದ್ದನ್ನು ತುಂಬಿ ಸುಡುತ್ತಿದ್ದರು ಎನ್ನುವುದು ಹೆಚ್ಚು ಜನ ಒಪ್ಪಿದ ವಿವರಣೆ. ಬಾಯಿ ಮುಚ್ಚಿದ್ದರಿಂದ ಒಳಗೆ ಗಾಳಿಯಿಲ್ಲ, ಅಲ್ಲಿ ಕಪ್ಪು. ಹೊರಮೈಗೆ ಗಾಳಿ ತಾಗುತ್ತದೆ, ಅಲ್ಲಿ ಕೆಂಪು. ಬಾಯಂಚು ನೆಲಕ್ಕೆ ಹುದುಗಿದ್ದ ಕಾರಣ ಕಪ್ಪು ಬಣ್ಣ ಅಂಚಿನ ಹೊರಗೂ ಒಂದೆರಡು ಬೆರಳು ಇಳಿದಿರುತ್ತದೆ. ಎರಡು ಸಲ ಸುಟ್ಟಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಹೇಗೆ ಮಾಡಿದ್ದರೂ ಬೆಂಕಿಯನ್ನು ಕುಂಚದ ಹಾಗೆ ಬಳಸಿದ್ದಾರೆ.

ಆ ಕೆಂಪು ಕಪ್ಪಿಗೆ ಇಳಿಯುವ ಗೆರೆಯನ್ನು ಹತ್ತಿರದಿಂದ ನೋಡಿ. ಅದು ಗೆರೆಯೇ ಅಲ್ಲ. ಇಟ್ಟಿಗೆ ಕೆಂಪು, ಕಾಫಿ ಕಂದು, ಆಮೇಲೆ ಒಣಗಿದ ಕಾಳುಮೆಣಸಿನ ಕಪ್ಪು. ಜಲವರ್ಣದಲ್ಲಿ ಆ ತಿರುವನ್ನು ಹಿಡಿಯಲು ನಾನು ಎಷ್ಟು ಕಾಗದ ಹಾಳು ಮಾಡಿದ್ದೇನೋ ಲೆಕ್ಕವಿಲ್ಲ. ಇನ್ನು ಹೊಳಪು. ಮಡಕೆ ಅರ್ಧ ಒಣಗಿದಾಗ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ತರಿಸಿದ ಹೊಳಪು ಅದು. ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಸಣ್ಣ ಪಟ್ಟೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಎಲ್ಲೋ ಒಂದು ಕಡೆ ಪಟ್ಟೆ ಓರೆಯಾಗಿರುತ್ತದೆ. ಕೈ ಸೋತಿತ್ತೋ, ಯಾರಾದರೂ ಕರೆದರೋ.

ಒಳಗೆ ಚಿನ್ನ ಇರುತ್ತದಂತೆ?

ಈ ಮಾತಿನಿಂದಲೇ ಎಷ್ಟೋ ಸಮಾಧಿಗಳು ಹಾಳಾಗಿವೆ. ತಮಿಳುನಾಡಿನ ಆದಿಚನಲ್ಲೂರಿನಂಥ ಕೆಲವು ಕಡೆ ಚಿನ್ನದ ತೆಳು ಹಣೆಪಟ್ಟಿಗಳು ಸಿಕ್ಕಿದ್ದು ನಿಜ. ಆದರೆ ದಕ್ಷಿಣದ ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಣ್ಣಿನ ಪಾತ್ರೆ, ತುಕ್ಕು ಹಿಡಿದ ಕಬ್ಬಿಣ, ಕೆಲವು ಮಣಿ.

ನನಗೆ ಗೊತ್ತಿರುವ ಒಂದು ತೋಟದಲ್ಲಿ ಕಣ ಮಾಡಲು ಜೆಸಿಬಿಯಿಂದ ನೆಲ ಸಮ ಮಾಡಿಸುವಾಗ ಒಂದು ಗುಡಾಣ ಹೊರಬಿತ್ತು. ನನಗೆ ಸುದ್ದಿ ಬರುವ ಹೊತ್ತಿಗೆ ಯಾರೋ ಹಾರೆಯಿಂದ ಒಡೆದು ನೋಡಿಯಾಗಿತ್ತು. ಒಳಗಿದ್ದದ್ದು ಮಣ್ಣು, ಮಣ್ಣಿನೊಳಗೆ ಅಂಗೈಯಗಲದ ಒಂದು ಬಟ್ಟಲು. ಅದೂ ಮೂರು ತುಂಡಾಗಿತ್ತು. ತೋಟದ ರೈಟರ್ (ಲೆಕ್ಕ ಬರೆಯುವವರು) ಚೂರುಗಳನ್ನು ಕಾಫಿ ಚೀಲದ ಮೇಲೆ ಹರವಿ, "ಏನೂ ಇರಲಿಲ್ಲ ಮೇಷ್ಟ್ರೇ" ಎಂದರು. ಸಂಜೆಯವರೆಗೆ ಅಲ್ಲೇ ಕೂತು ಒಂದೊಂದೇ ಚೂರು ಬರೆದುಕೊಂಡೆ. ಬಟ್ಟಲಿನ ಒಳಗೋಡೆಯಲ್ಲಿ ಕುಂಬಾರನ ಬೆರಳು ಎಳೆದ ಗೀರು ಸುರುಳಿಯಾಗಿ ತಳದಿಂದ ಅಂಚಿನವರೆಗೆ ಏರಿತ್ತು. ನನ್ನ ಕಿರುಬೆರಳು ಆ ಗೀರಿನಲ್ಲಿ ಸರಿಯಾಗಿ ಕೂತಿತು. ಸಣ್ಣ ಕೈಯವರು ಯಾರೋ ಮಾಡಿದ್ದು. ಆ ದಿನದ ಸಂಕಟ ನನ್ನಲ್ಲಿ ಇನ್ನೂ ಇದೆ.

ಕೆಂಪು ಮಣಿಗಳ ಮೇಲಿನ ಬಿಳಿ ಗೆರೆ ಹೇಗೆ ಬಂತು?

ಆ ಕೆಂಪು ಕಲ್ಲು ಕಾರ್ನೀಲಿಯನ್. ಇದರ ಒಳ್ಳೆಯ ಗಣಿ ಇರುವುದು ಗುಜರಾತಿನ ರತನಪುರದ ಕಡೆ. ಮಣಿ ಮಾಡುವ ಕಸುಬು ಅಲ್ಲಿನ ಖಂಭಾತದಲ್ಲಿ ಇಂದಿಗೂ ಉಂಟು. ನೆಲದಿಂದ ತೆಗೆದಾಗ ಕಲ್ಲು ಮಂಕು ಹಳದಿಯೋ ಕಂದೋ ಇರುತ್ತದೆ. ಬಿಸಿಲಿಗಿಟ್ಟು, ಆಮೇಲೆ ಮಂದ ಬೆಂಕಿಯಲ್ಲಿ ಕಾಯಿಸಿದರೆ ಒಳಗಿನ ಕಬ್ಬಿಣದಂಶ ಕೆಂಪಾಗುತ್ತದೆ.

ಬಿಳಿ ಗೆರೆಗೆ ಸವಳಿನಂಥ ಕ್ಷಾರವನ್ನು ಗಿಡದ ರಸದಲ್ಲಿ ಕಲಸಿ, ಕಡ್ಡಿಯಲ್ಲಿ ಅದ್ದಿ ಮಣಿಯ ಮೇಲೆ ಚಿತ್ತಾರ ಬರೆದು, ಮತ್ತೆ ಕಾಯಿಸುತ್ತಿದ್ದರು. ಕ್ಷಾರ ತಾಗಿದ ಕಡೆ ಕಲ್ಲೇ ಬೆಳ್ಳಗಾಗುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಈ ವಿದ್ಯೆ ಹರಪ್ಪದವರಿಗೂ ಗೊತ್ತಿತ್ತು. ದಕ್ಷಿಣದ ಕಬ್ಬಿಣ ಯುಗದ ಸಮಾಧಿಗಳಲ್ಲೂ ಇಂಥ ಮಣಿಗಳು ಸಿಕ್ಕಿವೆ. ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದಾದ ಮಣಿ, ಅದರ ಸುತ್ತ ತುದಿ ಕೂಡುವ ಹಾಗೆ ಎಳೆದ ಗೆರೆ, ನಡುವೆ ದಾರ ಹೋಗುವಷ್ಟೇ ತೂತು. ತೂತನ್ನು ಎರಡೂ ಕಡೆಯಿಂದ ಕೊರೆಯುತ್ತಾರೆ, ಎರಡೂ ನಡುವಿನಲ್ಲಿ ಸೇರಬೇಕು.

ನಮ್ಮ ಕೊಡವ ಅಕ್ಕತಂಗಿಯರಿಗೆ ಇದನ್ನು ಜೋಮಾಲೆ ತೋರಿಸಿ ವಿವರಿಸುತ್ತೇನೆ. ಜೋಮಾಲೆಯ ಚಿನ್ನದ ಗುಂಡು ಟೊಳ್ಳು, ಒಳಗೆ ಅರಗು ತುಂಬಿದ್ದು. ಅಲ್ಲಿ ಕೆಲಸಗಾರನ ಜಾಣತನವಿರುವುದು ತೆಳುತನದಲ್ಲಿ. ಕಾರ್ನೀಲಿಯನ್ ಮಣಿಯಲ್ಲಿ ಅದು ತಾಳ್ಮೆಯಲ್ಲಿದೆ.

ಕೊಡವರ ಅಗಲ ಅಲಗಿನ ಒಡಿಕತ್ತಿ ಆ ಕಾಲದ ಕತ್ತಿಯಿಂದಲೇ ಬಂದದ್ದಾ?

ಹಾಗೆ ನೇರ ಗೆರೆ ಎಳೆಯಬೇಡಿ. ಆಕಾರ ಹೋಲಿದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ. ಸಮಾಧಿ ಕಟ್ಟಿದವರು ಅಕ್ಷರ ಬಿಟ್ಟುಹೋಗಿಲ್ಲ, ಆದ್ದರಿಂದ ಈಗಿನ ಯಾವ ಜನಾಂಗದ ಹೆಸರನ್ನೂ ಅವರಿಗೆ ಅಂಟಿಸುವುದು ಸರಿಯಲ್ಲ.

ಕೆಲಸದ ಬಗ್ಗೆ ಕೇಳುವುದಾದರೆ ಹೇಳುತ್ತೇನೆ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಅವರ ಮಣ್ಣಿನ ಕುಲುಮೆ ಅಷ್ಟಕ್ಕೆ ಏರುತ್ತಿರಲಿಲ್ಲ. ಅದಿರು ಕಬ್ಬಿಣವಾಗುತ್ತಿತ್ತು, ಆದರೆ ಕರಗದೆ ಹಂಜಿಯಂಥ ಮುದ್ದೆಯಾಗಿ ಉಳಿಯುತ್ತಿತ್ತು. ಕಿಟ್ಟ, ಅಂದರೆ ಅದಿರಿನ ಕಲ್ಮಶ, ಮಾತ್ರ ಕರಗಿ ಹರಿಯುತ್ತಿತ್ತು. ಆ ಮುದ್ದೆಯನ್ನು ಕೆಂಪಗೆ ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ಉಳಿದ ಕಿಟ್ಟವನ್ನು ಹೊರದೂಡಿದರೆ ಭರ್ಜಿಯ ಮೊನೆಗೆ ಸಾಕಾಗುವಷ್ಟು ಕಬ್ಬಿಣ. ಅಷ್ಟು ಶ್ರಮದ ವಸ್ತುವನ್ನು ಸತ್ತವರ ಜೊತೆ ನೆಲಕ್ಕೆ ಕೊಟ್ಟುಬಿಟ್ಟರಲ್ಲ. ಗಾಜಿನ ಪೆಟ್ಟಿಗೆಯೊಳಗಿನ ತುಕ್ಕಿನ ತುಂಡು ನೋಡುವಾಗ ನಾನು ಯೋಚಿಸುವುದು ಅದನ್ನೇ.

ಮುಳ್ಳೂರಿಗೆ ಹೋದರೆ ಏನು ನೋಡಬೇಕು?

ಶನಿವಾರಸಂತೆಯ ಹತ್ತಿರದ ಊರು. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಎಂದು ಮೂರು ಬಸದಿಗಳಿವೆ. ಕೊಂಗಾಳ್ವರ ಕಾಲದವು. 1058ರ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವ, ಅವನ ತಾಯಿ ಪೋಚಬ್ಬರಸಿ, ಆಕೆಯ ಗುರು ಗುಣಸೇನ ಪಂಡಿತರ ಹೆಸರುಗಳಿವೆ. ಬೇಲೂರು ಹಳೇಬೀಡು ನೋಡಿ ಬಂದವರಿಗೆ ಮೊದಲಿಗೆ ಸಪ್ಪೆ ಅನಿಸೀತು, ಯಾಕೆಂದರೆ ಕೆತ್ತನೆ ಕಡಿಮೆ. ಆತುರ ಪಡಬೇಡಿ. ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಹೋಗಿ, ಖಾಲಿ ಗೋಡೆಯ ಮೇಲೆ ಬೆಳಕು ಸರಿಯುವುದನ್ನು ನೋಡಿ. ಬಿಡಬೇಕಾದ ಕಡೆ ಬಿಟ್ಟ ಶಿಲ್ಪಿಗಳು ಅವರು.

ಮಡಿಕೇರಿಯ ತಾಮ್ರಪಟ 466ನೇ ಇಸವಿಯದ್ದು ಎನ್ನುತ್ತಾರೆ. ಹೌದೇ?

ಗಂಗರ ಅವಿನೀತನ ಹೆಸರಿನ ಆ ಪಟದಲ್ಲಿರುವ 388 ಎಂಬ ವರ್ಷವನ್ನು ಶಕವರ್ಷವೆಂದು ತೆಗೆದುಕೊಂಡರೆ 466 ಬರುತ್ತದೆ. ಅಕ್ಷರಗಳ ರೂಪ ನೋಡಿ ಇದು ಆಮೇಲಿನ ಕಾಲದಲ್ಲಿ ಬರೆದದ್ದು ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ದಕ್ಷಿಣ ಕೊಡಗಿನ ಬಿಳಿಯೂರಿನ 888ರ ಶಾಸನ, ಪೆಗ್ಗೂರಿನ 978ರ ಶಾಸನಕ್ಕೆ ಈ ತಕರಾರಿಲ್ಲ. ಅಕ್ಷರ ಬರೆಯಲು ಕಲಿಯುವವರಿಗೆ ಗಂಗರ ಕಾಲದ ದುಂಡು ಕನ್ನಡಕ್ಕಿಂತ ಒಳ್ಳೆಯ ಮಾದರಿ ಬೇಡ.

ವೀರಗಲ್ಲನ್ನು ಓದುವುದು ಹೇಗೆ?

ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು. ಎಲ್ಲ ಕಲ್ಲಿನಲ್ಲೂ ಮೂರೂ ಪಟ್ಟಿ ಇರುವುದಿಲ್ಲ.

ದೇವರಕಾಡಿನ ಮಣ್ಣಿನ ನಾಯಿಗಳೂ ಪುರಾತನ ವಸ್ತುಗಳೇ?

ದಕ್ಷಿಣ ಕೊಡಗಿನ ಕೆಲವು ಅಯ್ಯಪ್ಪ ದೇವರಕಾಡುಗಳಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ರಾಶಿ ರಾಶಿ ಇವೆ. ಬೇಟೆಯ ದೇವರಿಗೆ ಬೇಟೆಯ ನಾಯಿ. ಹರಕೆ ಇವತ್ತಿಗೂ ನಡೆಯುತ್ತದೆ. ಕೆಲವು ಪಾಚಿ ಹಿಡಿದು ಎಲೆಯಡಿ ಅರ್ಧ ಹೂತಿರುತ್ತವೆ, ಕೆಲವು ಹೊಸ ಕೆಂಪು. ಕಿವಿ ನಿಮಿರಿದ್ದು, ಬಾಲ ಸುರುಳಿಯಾದದ್ದು, ಒಂದೊಂದೂ ಒಂದೊಂದು ಥರ. ಅವು ದೇವರವು. ಮುಟ್ಟಬೇಡಿ, ತರಬೇಡಿ. ನಿಂತು ನೋಡಿ ಸಾಕು.

ಕಾಲ ಹೇಗೆ ಗೊತ್ತುಮಾಡುತ್ತಾರೆ?

ಜೊತೆಗೆ ಇದ್ದಿಲು ಸಿಕ್ಕಿದರೆ ಅದರ ಇಂಗಾಲ-14 ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಮಡಕೆಯಾದರೆ ಅದು ಕೊನೆಯ ಸಲ ಬೆಂಕಿ ಕಂಡದ್ದು ಯಾವಾಗ ಎಂದು ತಿಳಿಯುವ ಬೇರೆ ವಿಧಾನವಿದೆ. ಎರಡಕ್ಕೂ ವಸ್ತು ಯಾವ ಮಣ್ಣಿನ ಪದರದಲ್ಲಿತ್ತು ಎನ್ನುವುದು ಗೊತ್ತಿರಬೇಕು. ಕೊಡಗಿನಲ್ಲಿ ಮೂಳೆ ಉಳಿಯುವುದು ಕಷ್ಟ, ಇಲ್ಲಿನ ಮಳೆ ಮತ್ತು ಹುಳಿಮಣ್ಣು ಅದನ್ನು ಕರಗಿಸಿಬಿಡುತ್ತವೆ.

ಕಾಫಿ ಗುಂಡಿ ತೆಗೆಯುವಾಗ ಏನಾದರೂ ಸಿಕ್ಕಿದರೆ ಏನು ಮಾಡಲಿ?

ಹಾರೆ ಕೆಳಗಿಡಿ. ಎತ್ತಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲೋ ಬೆಂಕಿಪೊಟ್ಟಣವೋ ಇಟ್ಟರೆ ಅಳತೆ ಗೊತ್ತಾಗುತ್ತದೆ. ಆಮೇಲೆ ದೂರ ನಿಂತು ಸುತ್ತಲಿನ ಮರ, ಬೇಲಿ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಮಳೆ ಬರುವ ಹಾಗಿದ್ದರೆ ತೆಗೆದ ಮಣ್ಣನ್ನೇ ಮೆಲ್ಲಗೆ ಮುಚ್ಚಿ, ಮೇಲೆ ಟಾರ್ಪಾಲು ಹಾಕಿ. ಪುರಾತತ್ವ ಇಲಾಖೆಗೆ ಅಥವಾ ತಹಸೀಲ್ದಾರರ ಕಚೇರಿಗೆ ತಿಳಿಸಿ. ನೆಲದಡಿಯ ನಿಧಿಗೆ ರಾಜ್ಯದಲ್ಲಿ 1962ರ ಕಾಯಿದೆಯಿದೆ. ಬೆಲೆಬಾಳುವಂಥದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ಹೇಳಲೇಬೇಕು.

"ಹೇಳಿದರೆ ತೋಟವನ್ನೇ ಸರ್ಕಾರ ತೆಗೆದುಕೊಳ್ಳುತ್ತದೆ" ಎಂಬ ಹೆದರಿಕೆ ಎಲ್ಲರಿಗೂ ಇದೆ. ಒಂದು ಮಡಕೆ ಸಿಕ್ಕಿದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಕಟ್ಟಡಕ್ಕೆ ನಿರ್ಬಂಧ ಬರುವುದು ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ: 100 ಮೀಟರಿನೊಳಗೆ ನಿಷೇಧ, ಅದರಾಚೆಗೆ ಇನ್ನೂ 200 ಮೀಟರಿನವರೆಗೆ ಅನುಮತಿ ಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಡಕೆಯನ್ನು ಎತ್ತಿ ಮನೆಯ ಷೋಕೇಸಿನಲ್ಲಿಟ್ಟರೆ ಅದೊಂದು ಮಡಕೆ. ಅದು ಯಾವ ದಿಕ್ಕಿಗೆ ವಾಲಿತ್ತು, ಮೇಲೆ ಮುಚ್ಚಳವಿತ್ತೇ, ಪಕ್ಕದಲ್ಲಿ ಭರ್ಜಿ ಇತ್ತೇ, ಒಳಗೆ ಧಾನ್ಯದ ಹೊಟ್ಟಿತ್ತೇ ಎನ್ನುವುದೆಲ್ಲ ಗೊತ್ತಿದ್ದರೆ ಅದು ಒಬ್ಬರ ಅಂತ್ಯಸಂಸ್ಕಾರದ ದಿನ.

ತೊಳೆದು ಇಡಬಹುದಾ? ಹುಣಸೆಹಣ್ಣು ಹಾಕಿದರೆ ಫಳಫಳ ಅನ್ನುತ್ತದೆ.

ದಯವಿಟ್ಟು ಬೇಡ. ಹುಣಸೆಹುಳಿ, ನಿಂಬೆ, ಬೂದಿ ಯಾವುದೂ ಬೇಡ. ಹಳೆಯ ಕಂಚಿನ ಮೇಲಿನ ಹಸಿರು ಪೊರೆ ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಚರ್ಮ ಅದು. ಮಡಕೆಯನ್ನು ಉಜ್ಜಿದರೆ ಒಳಗೆ ಅಂಟಿದ್ದ ಅನ್ನದ, ಎಣ್ಣೆಯ ಗುರುತು ಹೋಗುತ್ತದೆ. ಪೂಜೆಗೆಂದು ಎಣ್ಣೆ ಕುಂಕುಮ ಹಚ್ಚುವುದೂ ಬೇಡ.

ಮನೆಯಲ್ಲಿ ತಾತನ ಕಾಲದ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಇದೆ. ಮಾರಬಹುದೇ?

100 ವರ್ಷ ದಾಟಿದ್ದರೆ 1972ರ ಕಾಯಿದೆಯ ಪ್ರಕಾರ ಅದು ಪುರಾತನ ವಸ್ತು. ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನನ್ನನ್ನು ಕೇಳಿದರೆ, ಹಿಡಿಯ ಬೆಳ್ಳಿ ಕೆಲಸವನ್ನು ನಿಮ್ಮ ಮಗಳಿಗೆ ಒಮ್ಮೆ ಭೂತಕನ್ನಡಿಯಲ್ಲಿ ತೋರಿಸಿ. ಆಮೇಲೆ ಮಾರುವ ಮಾತು ಮನೆಯಲ್ಲಿ ಬರುವುದಿಲ್ಲ.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಏನು ಹೇಳಿಕೊಡಲಿ?

ಮೊದಲು ಮಡಿಕೇರಿ ಕೋಟೆ. ಅಲ್ಲಿನ ಸೇಂಟ್ ಮಾರ್ಕ್ ಚರ್ಚಿನ ಕಟ್ಟಡದಲ್ಲಿ 1971ರಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾಯಿತು. ಜೈನ ಶಿಲ್ಪ, ವೀರಗಲ್ಲು, ಆಯುಧ ಎಲ್ಲ ಇವೆ. ಆಮೇಲೆ ಮುಳ್ಳೂರು. ಗೌರಿ ಹಬ್ಬಕ್ಕೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಬಾಗಿನ ಬಿಡಲು ಹೋಗುವವರು ಅದೇ ದಿನ ಅಲ್ಲಿನ ಕಲ್ಲುಗೋರಿಗಳನ್ನೂ ಕೇಳಿಕೊಂಡು ಹೋಗಿ ನೋಡಬಹುದು.

ಹೇಳಿಕೊಡುವುದಕ್ಕೆ ಹೆಚ್ಚೇನಿಲ್ಲ. ಇಡೀ ಮ್ಯೂಸಿಯಂ ಸುತ್ತಿಸಬೇಡಿ, ಒಂದೇ ವಸ್ತುವಿನ ಮುಂದೆ ಅರ್ಧ ಗಂಟೆ ಕೂರಿಸಿ. ಮೊದಲು ಬಾಯಂಚು ಬರೆಯಲಿ, ಆಮೇಲೆ ಭುಜ, ಕೊನೆಗೆ ತಳ. ಬಲಬದಿ ಎಡಬದಿಯ ಹಾಗೇ ಇದೆ ಎಂದು ಊಹಿಸಿ ಬರೆಯಲು ಬಿಡಬೇಡಿ, ಎರಡನ್ನೂ ನೋಡಿಯೇ ಬರೆಯಬೇಕು. ಹತ್ತು ನಿಮಿಷಕ್ಕೆಲ್ಲ ಒಂದು ಮಗುವಾದರೂ ತಲೆಯೆತ್ತಿ, "ಸಾರ್, ಈ ಕಡೆ ಸ್ವಲ್ಪ ಸೊಟ್ಟ ಇದೆ" ಎನ್ನುತ್ತದೆ. ಆ ಸೊಟ್ಟವನ್ನೂ ಬರೆ ಎನ್ನಿ. ರಬ್ಬರ್ ಮನೆಯಲ್ಲೇ ಇರಲಿ, 2ಬಿ ಪೆನ್ಸಿಲ್ ಎರಡು ತನ್ನಿ.